ಕಾಶಿಯ ನಗರ ನಿಗಮವೂ ನಗರವಾಸಿಯ ಪಾತ್ರವೂ

ಮಳೆಗಾಲದ ಪ್ರವಾಹವು ಇಳಿದ ಮೇಲೆ ಕಾಶಿಯ ಘಾಟುಗಳ ಮೆಟ್ಟಿಲುಗಳ ಮೇಲೆ ಗಂಗೆಯು ತಂದೊಡ್ಡಿದ ಹೂಳು ದಪ್ಪವಾಗಿ ನಿಂತಿರುತ್ತದೆ. ಹರಿಶ್ಚಂದ್ರ ಘಾಟಿನ ಸಮೀಪದಲ್ಲಿ, ಹಿಂದೆ ಮೈಸೂರು ಸಂಸ್ಥಾನಕ್ಕೆ ಸೇರಿದ್ದು ಈಗ ಕರ್ನಾಟಕದ ಹೆಸರನ್ನು ಹೊತ್ತಿರುವ ಘಾಟಿನ ಗತಿಯೂ ಇದೇ. ಪಂಪುಗಳನ್ನಿಟ್ಟು ನದಿಯ ನೀರನ್ನೇ ಎತ್ತಿ ಚಿಮ್ಮಿಸಿ, ಆ ಮಣ್ಣನ್ನು ಕರಗಿಸಿ ಕೆಳಗಿಳಿಸುವ ಕೆಲಸವು ಕಾರ್ತಿಕ ಪೂರ್ಣಿಮೆಯ ದೇವದೀಪಾವಳಿಯೊಳಗೆ ಮುಗಿಯಬೇಕು. ಎಂಬತ್ತಕ್ಕೂ ಮಿಕ್ಕ ಘಾಟುಗಳಲ್ಲಿ ಯಾವುದನ್ನು ಮೊದಲು ತೊಳೆಯಬೇಕು, ಯಾವುದು ಕಡೆಯವರೆಗೆ ಕಾಯಬೇಕು, ಅದಕ್ಕೆ ಎಷ್ಟು ಹಣವನ್ನು ತೆಗೆದಿರಿಸಬೇಕು ಎಂಬುದನ್ನು ಯಾರೋ ಎಲ್ಲಿಯೋ ಕುಳಿತು ಗೊತ್ತುಮಾಡುತ್ತಾರೆ. ಘಾಟಿನ ಮೇಲಣ ಮನೆಯಲ್ಲಿರುವವನಿಗೆ ಆ ನಿರ್ಣಯದಲ್ಲಿ ಏನಾದರೂ ಪಾಲುಂಟೆ? ಉಂಟಾದರೆ ಅದನ್ನು ಪಡೆಯುವ ಬಗೆ ಯಾವುದು?

ಕಾಶಿಯಲ್ಲಿ ಕನ್ನಡಿಗರ ನೆಲೆ ಇಂದಿನದಲ್ಲ. ಜಂಗಮವಾಡಿ ಮಠವು ತನ್ನ ಸುತ್ತಣ ಕೇರಿಗೇ ಹೆಸರನ್ನು ಕೊಟ್ಟಿದೆ. ವೇದಾಧ್ಯಯನಕ್ಕೆ ಬಂದ ವಟುಗಳು, ಹಿಂದೂ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು, ಯಾತ್ರಿಕರ ಅನುಕೂಲವನ್ನು ನೋಡಿಕೊಳ್ಳುವ ಪುರೋಹಿತರ ಮನೆತನಗಳು, ಕಡೆಗಾಲವನ್ನು ಕಾಶೀವಾಸದಲ್ಲಿ ಕಳೆಯಲೆಂದು ಬಂದ ವೃದ್ಧರು ಅಲ್ಲಿ ಬಹುಕಾಲದಿಂದ ಇದ್ದಾರೆ. ಇವರಲ್ಲಿ ಅನೇಕರು ತಮ್ಮನ್ನು ಆ ಊರಿನ ಅತಿಥಿಗಳೆಂದು ತಿಳಿದಿರುವರೇ ಹೊರತು ನಾಗರಿಕರೆಂದು ತಿಳಿದಿರುವುದಿಲ್ಲ. ಮುಕ್ತಿಗೆಂದು ಬಂದು ನೆಲಸಿದವನಿಗೂ ಮನೆಯ ಮುಂದಿನ ಚರಂಡಿಯ ಗೊಡವೆ ತಪ್ಪಿದ್ದಲ್ಲವಷ್ಟೆ. ಕಾನೂನಾದರೋ ಅತಿಥಿಗೂ ನಿವಾಸಿಗೂ ಇರುವ ಭೇದವನ್ನು ಹುಟ್ಟೂರಿನಿಂದಾಗಲಿ ಮನೆಮಾತಿನಿಂದಾಗಲಿ ಎಣಿಸುವುದಿಲ್ಲ.

ನಗರದ ಆಡಳಿತದಲ್ಲಿ ನಿವಾಸಿಗಳು ಕೈಹಾಕಿದ ಒಂದು ದೊಡ್ಡ ಪ್ರಸಂಗವು ಕಾಶಿಯಲ್ಲಿ ನಗರಸಭೆ ಹುಟ್ಟುವುದಕ್ಕೆ ಬಹಳ ಮುಂಚೆಯೇ ನಡೆದುಹೋಯಿತು. ಈಸ್ಟ್ ಇಂಡಿಯಾ ಕಂಪನಿಯ ಸರ್ಕಾರವು 1810ರಲ್ಲಿ 15ನೆಯ ರೆಗ್ಯುಲೇಷನ್ನನ್ನು ಹೊರಡಿಸಿ, ಬಂಗಾಳ, ಬಿಹಾರ, ಒರಿಸ್ಸ ಮತ್ತು ಬನಾರಸ್ ಪ್ರಾಂತಗಳ ಪಟ್ಟಣಗಳಲ್ಲಿ ಗೃಹಕರವನ್ನು ವಿಧಿಸಿತು. ವಾಸದ ಮನೆಗಳ ವಾರ್ಷಿಕ ಬಾಡಿಗೆಯ ಮೇಲೆ ನೂರಕ್ಕೆ 5, ಅಂಗಡಿಗಳ ಮೇಲೆ ನೂರಕ್ಕೆ 10 ಎಂದು ದರ ನಿಂತಿತು. ಡಿಸೆಂಬರ್ ತಿಂಗಳಲ್ಲಿ ಮನೆಗಳ ಎಣಿಕೆಗೆ ತೊಡಗಿದೊಡನೆಯೇ ಬನಾರಸಿನಲ್ಲಿ ಅಂಗಡಿಗಳು ಮುಚ್ಚಿದವು. ಕಮ್ಮಾರರು ತಮ್ಮ ಕುಲದವರನ್ನು ಸುತ್ತಣ ಊರುಗಳಿಂದ ಕರೆಸಿ ಕೂಡಿಸಿದರು. ನೇಕಾರರು, ಕ್ಷೌರಿಕರು, ದರ್ಜಿಗಳು, ಪಲ್ಲಕ್ಕಿ ಹೊರುವವರು ಒಬ್ಬರ ಹಿಂದೊಬ್ಬರು ಕೆಲಸವನ್ನು ಬಿಟ್ಟರು. ದೋಣಿಗಾರರೂ ಅವರನ್ನು ಸೇರಿದರು. ಸಹಸ್ರ ಸಹಸ್ರ ಜನರು ಮನೆಗಳನ್ನು ತೊರೆದು ಊರ ಹೊರಗಿನ ಬಯಲಿನಲ್ಲಿ ಧರಣಿ ಕುಳಿತರು. ಸಂಸ್ಕಾರ ಮಾಡಿಸುವವರು ದೊರೆಯದೆ ಶವಗಳನ್ನು ಹಾಗೆಯೇ ಗಂಗೆಗೆ ಬಿಡಬೇಕಾಯಿತೆಂದು ಹಂಗಾಮಿ ಮ್ಯಾಜಿಸ್ಟ್ರೇಟನು ಮೇಲಿನವರಿಗೆ ಬರೆದನು. ಕಾಶಿಯಂಥ ಊರಿನಲ್ಲಿ ಇದಕ್ಕಿಂತ ಭಾರಿಯಾದ ಮಾತು ಇನ್ನೊಂದಿರಲಾರದು.

ಈ ಪತ್ರವ್ಯವಹಾರವನ್ನೆಲ್ಲ ದಫ್ತರಗಳಿಂದ ತೆಗೆದು 1971ರಲ್ಲಿ ಪ್ರಕಟಿಸಿದವರು ಧರಂಪಾಲರು. ಅದನ್ನು ಓದುವಾಗ ಗಮನಿಸತಕ್ಕದ್ದು ಜನರ ಸಂಖ್ಯೆಗಿಂತ ಹೆಚ್ಚಾಗಿ ಅವರಿಗಿದ್ದ ಮಾರ್ಗಗಳ ಕೊರತೆ. ಮೊಹಲ್ಲಾಗಳ ಜನರು ಮೊದಲು ಅರ್ಜಿಯನ್ನೇ ಬರೆದುಕೊಂಡಿದ್ದರು. ಅದು ಹಿಂದಕ್ಕೆ ಬಂದಿತು. ಕರವನ್ನು ವಿಧಿಸಿದ ಸಭೆಯು ಕಲ್ಕತ್ತೆಯಲ್ಲಿದ್ದಿತು. ಕೇಳಿದವರಿಗೆ ಉತ್ತರ ಕೊಡಬಲ್ಲ ಯಾವ ಸಭೆಯೂ ಬನಾರಸಿನಲ್ಲಿ ಇರಲಿಲ್ಲ. ಸರ್ಕಾರವು ಧಾರ್ಮಿಕರ ಮನೆಗಳಿಗೆ ವಿನಾಯಿತಿಯನ್ನು ತೋರಿಸಿತು, ಬನಾರಸಿನ ರಾಜರು ಮಧ್ಯಸ್ಥರಾದರು, ಧರಣಿಯು ಕ್ರಮೇಣ ಸಡಿಲಿತು. 1812ರಲ್ಲಿ ಆ ಕರವೇ ರದ್ದಾಯಿತು. ಆದರೆ ಮುಂದಿನ ಕರದ ಮಾತು ಬಂದಾಗ ನಿವಾಸಿಯು ಎಲ್ಲಿ ನಿಂತು ಮಾತನಾಡಬೇಕೆಂಬುದು ಮಾತ್ರ ಇತ್ಯರ್ಥವಾಗದೆ ಉಳಿಯಿತು.

ಅದಕ್ಕೊಂದು ಸ್ಥಳವು ದೊರೆತುದು 1867ರಲ್ಲಿ ಬನಾರಸಿಗೆ ಪುರಸಭೆಯಾದಾಗ. ಅದೂ ಬಲು ಇಕ್ಕಟ್ಟಾದ ಸ್ಥಳ. ಮತದ ಹಕ್ಕು ಆಸ್ತಿಯುಳ್ಳ ಕೆಲವರದು, ಅಧ್ಯಕ್ಷತೆಯು ಬಹುಕಾಲ ಸರ್ಕಾರಿ ಅಧಿಕಾರಿಯದು. 1920ರ ದಶಕದಲ್ಲಿ ರಾಷ್ಟ್ರೀಯ ಪಕ್ಷದವರು ಪುರಸಭೆಗಳನ್ನು ಹೊಕ್ಕಾಗ, ಕಾಶೀ ವಿದ್ಯಾಪೀಠದ ಡಾ. ಭಗವಾನ್ ದಾಸರಂಥ ವಿದ್ವಾಂಸರೇ ಬನಾರಸಿನ ಮುನಿಸಿಪಲ್ ಬೋರ್ಡಿನ ಅಧ್ಯಕ್ಷರಾದರು. ವೇದಾಂತವನ್ನು ಬರೆದ ಕೈಯೇ ಕಸದ ಗಾಡಿಯ ಲೆಕ್ಕಕ್ಕೂ ರುಜು ಹಾಕಿತು. ಸ್ವಾತಂತ್ರ್ಯಾನಂತರ ಉತ್ತರ ಪ್ರದೇಶದ ಶಾಸನಸಭೆಯು 1959ರ ಕಾಯಿದೆಯಿಂದ ಕಾನಪುರ, ಆಗ್ರಾ, ವಾರಾಣಸಿ, ಅಲಹಾಬಾದ್, ಲಖನೌ ಎಂಬ ಐದು ನಗರಗಳಿಗೆ ಮಹಾಪಾಲಿಕೆಗಳನ್ನು ಕೊಟ್ಟಿತು. ಮೇಯರನಿಗೆ ನಗರ ಪ್ರಮುಖ ಎಂದೂ ಕಮಿಷನರಿಗೆ ಮುಖ್ಯ ನಗರ ಅಧಿಕಾರಿ ಎಂದೂ ಆಗಿನ ಹೆಸರುಗಳು. 1994ರ ತಿದ್ದುಪಡಿಯಿಂದ ಮಹಾಪಾಲಿಕೆಯು ನಗರ ನಿಗಮವಾಯಿತು. ಅದಕ್ಕೆ ಕಾರಣವು 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ. ಐದು ವರ್ಷಗಳ ಅವಧಿ, ನೇರ ಚುನಾವಣೆ, ಸ್ತ್ರೀಯರಿಗೆ ಮೂರನೆಯ ಒಂದು ಪಾಲಿಗೆ ಕಡಿಮೆಯಿಲ್ಲದಂತೆ ಸ್ಥಾನಗಳು, ಮೂರು ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ಜನಸಂಖ್ಯೆಯುಳ್ಳ ನಗರಗಳಲ್ಲಿ ವಾರ್ಡ್ ಸಮಿತಿಗಳು, ಇವೆಲ್ಲ ಆ ತಿದ್ದುಪಡಿಯಿಂದ ಬಂದವು.

ಈಗಿನ ವ್ಯವಸ್ಥೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ ಹೀಗಿದೆ. ಮೇಯರನ್ನು ನಗರದ ಮತದಾರರೆಲ್ಲರೂ ನೇರವಾಗಿ ಆರಿಸುತ್ತಾರೆ. ಒಂದೊಂದು ವಾರ್ಡಿನಿಂದ ಒಬ್ಬ ಪಾರ್ಷದನು ಬರುತ್ತಾನೆ; ಕನ್ನಡ ನಾಡಿನಲ್ಲಿ ಕಾರ್ಪೊರೇಟರ್ ಎನ್ನುವುದನ್ನೇ ಅಲ್ಲಿ ಪಾರ್ಷದ್ ಎನ್ನುವರು. ಮೊದಲು 90 ಆಗಿದ್ದ ವಾರ್ಡುಗಳು ಗಂಗೆಯಾಚೆಯ ರಾಮನಗರವೂ ಕೆಲವು ಹಳ್ಳಿಗಳೂ ಸೇರಿದ ಮೇಲೆ 2023ರ ಚುನಾವಣೆಯಲ್ಲಿ 100 ಆದವು. ಸರ್ಕಾರವು ನಾಮಕರಣ ಮಾಡಿದ ಸದಸ್ಯರು ಸಭೆಯಲ್ಲಿ ಕುಳಿತು ಮಾತನಾಡಬಹುದು, ಮತ ಹಾಕುವಂತಿಲ್ಲ. ಪಾರ್ಷದರು ತಮ್ಮೊಳಗಿನಿಂದ ಆರಿಸಿದ ಹನ್ನೆರಡು ಮಂದಿಯ ಕಾರ್ಯಕಾರಿಣಿ ಸಮಿತಿಯೊಂದಿದೆ. ದಿನದಿನದ ಆಡಳಿತವು ಸರ್ಕಾರವು ನೇಮಿಸಿದ ನಗರ ಆಯುಕ್ತರದು. ಇಡೀ ನಿಗಮದ ಸಭೆಗೆ ಜನರ ಬಾಯಲ್ಲಿ ‘ಮಿನಿ ಸದನ’ವೆಂಬ ಹೆಸರು ಬಳಕೆಯಲ್ಲಿದೆ.

ಆ ಸದನದಲ್ಲಿ ಸಾಮಾನ್ಯ ನಿವಾಸಿಗೆ ಮಾತಿನ ಹಕ್ಕು ಇಲ್ಲ. ಇದನ್ನು ಮೊದಲಿಗೇ ತಿಳಿದುಕೊಳ್ಳದವರು ವೃಥಾ ಬೇಸರಪಡುತ್ತಾರೆ. ಸದನದಲ್ಲಿ ಪ್ರಶ್ನೆ ಕೇಳುವವನೂ ಪ್ರಸ್ತಾವವನ್ನು ತರುವವನೂ ಪಾರ್ಷದನೇ. ಆದುದರಿಂದ ನಿವಾಸಿಯ ಮಾತು ಸಭೆಯನ್ನು ಮುಟ್ಟಬೇಕಾದರೆ ಸಭೆಗೆ ಸಾಕಷ್ಟು ಮುಂಚೆಯೇ ಬರವಣಿಗೆಯ ರೂಪದಲ್ಲಿ ಪಾರ್ಷದನ ಕೈಸೇರಿರಬೇಕು. ಸಭೆಯ ಹಿಂದಿನ ರಾತ್ರಿ ಮನೆಯ ಬಾಗಿಲಿಗೆ ಹೋಗಿ ಹೇಳಿಬಂದ ಅಹವಾಲು ಕಾರ್ಯಸೂಚಿಗೆ ಸೇರುವುದಿಲ್ಲ. ‘ನಮ್ಮ ಗಲ್ಲಿ ಹೊಲಸಾಗಿದೆ’ ಎಂಬುದು ದೂರು. ‘ಹರಿಶ್ಚಂದ್ರ ಘಾಟಿನಿಂದ ಹನುಮಾನ್ ಘಾಟಿನವರೆಗಿನ ಹೂಳನ್ನು ತೆಗೆಯಲು ಹೋದ ವರ್ಷ ಎಷ್ಟು ಪಂಪುಗಳನ್ನು ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಇರಿಸಲಾಗಿತ್ತು’ ಎಂಬುದು ಪ್ರಶ್ನೆ. ದೂರಿಗೆ ಗುಮಾಸ್ತನ ಉತ್ತರ ಸಾಕಾಗುತ್ತದೆ. ಪ್ರಶ್ನೆಗೆ ಸದನದಲ್ಲಿ ಉತ್ತರ ಹೇಳಬೇಕಾಗುತ್ತದೆ. ದೂರು ಕೊಡಲು ಈಗ ದೂರವಾಣಿಯೇ ಮೊದಲಾದ ಅನುಕೂಲಗಳು ಹೇರಳವಾಗಿವೆ. ಅವು ಹೆಚ್ಚಿದಷ್ಟೂ ಜನರು ಪ್ರಶ್ನೆ ಕೇಳುವುದನ್ನು ಮರೆಯುತ್ತಿರುವರೋ ಎಂಬ ಶಂಕೆಗೆ ಆಸ್ಪದವಿದೆ.

ಸದನದ ಬಾಗಿಲು ಹೀಗೆ ಇಕ್ಕಟ್ಟಾದರೂ, ನಿವಾಸಿಯ ಮಾತನ್ನು ಆತನ ಹೆಸರಿನಲ್ಲಿಯೇ ಕೇಳಲೇಬೇಕೆಂದು ಕಾನೂನು ಕಟ್ಟುಮಾಡಿರುವ ಎಡೆಗಳು ಕೆಲವಿವೆ. ಅವುಗಳಲ್ಲಿ ಮೊದಲನೆಯದು ಕರ. ಹೊಸ ಕರವನ್ನು ವಿಧಿಸುವಾಗ ಅಥವಾ ದರವನ್ನು ಬದಲಿಸುವಾಗ ನಿಗಮವು ಮೊದಲು ಪ್ರಸ್ತಾವವನ್ನು ಪ್ರಕಟಿಸಿ ಆಕ್ಷೇಪಣೆಗಳನ್ನು ಕರೆಯಬೇಕು. ಗೃಹಕರದ ಪಟ್ಟಿಯು ತಯಾರಾದಾಗ ಅದನ್ನು ಸಾರ್ವಜನಿಕರ ಪರಿಶೀಲನೆಗೆ ಇಡಬೇಕು. ಬೀದಿಯ ಅಗಲ, ಕಟ್ಟಡದ ಬಗೆ, ನೆಲದ ಅಳತೆ ಇವುಗಳಲ್ಲಿ ತಪ್ಪಿದ್ದರೆ ಗೊತ್ತಾದ ಅವಧಿಯೊಳಗೆ ಲಿಖಿತ ಆಕ್ಷೇಪಣೆಯನ್ನು ಸಲ್ಲಿಸಬಹುದು. ಅಲ್ಲಿಯೂ ನ್ಯಾಯ ದೊರೆಯದಿದ್ದರೆ ಸ್ಮಾಲ್ ಕಾಸ್ ಕೋರ್ಟಿನ ನ್ಯಾಯಾಧೀಶರ ಮುಂದೆ ಅಪೀಲು ಇದೆ. ಸಾರ್ವಜನಿಕ ಪೂಜೆಗೆ ಮೀಸಲಾದ ಕಟ್ಟಡಗಳಿಗೆ ಕಾಯಿದೆಯಲ್ಲಿ ವಿನಾಯಿತಿಯುಂಟು. ಮಠ ಛತ್ರಗಳನ್ನು ನೋಡಿಕೊಳ್ಳುವವರು ಈ ವಿನಾಯಿತಿಯು ತಾನಾಗಿ ಬರುವುದೆಂದು ಸುಮ್ಮನಿರುವುದು ಸರಿಯಲ್ಲ. ಪಟ್ಟಿಯಲ್ಲಿ ಕಟ್ಟಡವನ್ನು ಹೇಗೆ ಬರೆದಿದೆಯೆಂದು ನೋಡಬೇಕು. ಇನ್ನೂರು ವರ್ಷಗಳ ಹಿಂದೆ ಬಯಲಿನಲ್ಲಿ ಕುಳಿತ ಜನರು ಯಾವ ಕರದ ವಿಷಯವಾಗಿ ಅರ್ಜಿಯನ್ನು ಹಿಂದಕ್ಕೆ ಪಡೆದರೋ, ಅದೇ ಬಗೆಯ ಕರದ ವಿಷಯವಾಗಿ ಇಂದು ಒಂದು ಹಾಳೆಯ ಆಕ್ಷೇಪಣೆಯನ್ನು ಸ್ವೀಕರಿಸಲೇಬೇಕಾಗಿದೆ. ಆ ಹಾಳೆಯನ್ನು ಬರೆಯುವವರು ವಿರಳವಾಗಿದ್ದರೆ ದೋಷವು ಕಾನೂನಿನದಲ್ಲ.

ಅರ್ಜಿಯ ಕ್ರಮದ ಬಗ್ಗೆ ಒಂದೆರಡು ಮಾತು ಅವಶ್ಯ. ಸಿಗ್ರಾದಲ್ಲಿರುವ ನಿಗಮದ ಕಛೇರಿಗಾಗಲಿ ವಲಯದ ಕಛೇರಿಗಾಗಲಿ ಅರ್ಜಿಯನ್ನು ಎರಡು ಪ್ರತಿ ಒಯ್ಯಬೇಕು. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಮೊಹರನ್ನೂ ತಾರೀಖನ್ನೂ ಡೈರಿ ನಂಬರನ್ನೂ ಹಾಕಿಸಿಕೊಳ್ಳಬೇಕು. ಇದಕ್ಕೆ ಅಲ್ಲಿ ‘ರಿಸೀವಿಂಗ್’ ಎನ್ನುತ್ತಾರೆ. ರಿಸೀವಿಂಗ್ ಇಲ್ಲದ ಅರ್ಜಿಯು ಕೊಡದ ಅರ್ಜಿಗೆ ಸಮಾನ. ಭಾಷೆಯು ಹಿಂದಿಯಾಗಿರುವುದೇ ಲೇಸು. ಕುಂದುಕೊರತೆಯ ನಿವೇದನೆಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದೆಂದು ಸಂವಿಧಾನದ 350ನೆಯ ಅನುಚ್ಛೇದವು ಹೇಳುವುದು ನಿಜ. ಆದರೆ ಹೂಳು ತುಂಬಿದ ಘಾಟಿನ ಕಾರ್ಯವನ್ನು ಸಂವಿಧಾನದ ವ್ಯಾಖ್ಯಾನಕ್ಕೆ ಕಟ್ಟಿಹಾಕುವುದರಿಂದ ಪ್ರಯೋಜನವಿಲ್ಲ. ಹಿಂದಿಯನ್ನು ಬಲ್ಲ ವಿದ್ಯಾರ್ಥಿಯೊಬ್ಬನು ವೃದ್ಧರೊಬ್ಬರಿಗೆ ಅರ್ಧ ಗಂಟೆ ಕುಳಿತು ಬರೆದುಕೊಟ್ಟರೆ ಆಯಿತು.

ಎರಡನೆಯ ಎಡೆಯು 2005ರ ಮಾಹಿತಿ ಹಕ್ಕಿನ ಕಾಯಿದೆಯಿಂದ ಒದಗಿತು. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನಗಳ ಗಡುವು ಎಂಬುದು ಈಗ ಬಹುಮಂದಿಗೆ ತಿಳಿದಿದೆ. ಅಷ್ಟಾಗಿ ತಿಳಿಯದ ಮಾತೊಂದು ಆ ಕಾಯಿದೆಯ 4ನೆಯ ಪ್ರಕರಣದಲ್ಲಿದೆ. ಪ್ರತಿಯೊಂದು ಸಾರ್ವಜನಿಕ ಸಂಸ್ಥೆಯೂ ತನ್ನ ಮಂಡಲಿಗಳ, ಸಮಿತಿಗಳ ವಿವರವನ್ನು ಯಾರೂ ಕೇಳದಿದ್ದರೂ ತಾನಾಗಿ ಪ್ರಕಟಿಸಬೇಕು. ಅವುಗಳ ಸಭೆಗಳಿಗೆ ಸಾರ್ವಜನಿಕರಿಗೆ ಪ್ರವೇಶವುಂಟೆ, ಸಭೆಯ ನಡವಳಿಗಳು ಜನರಿಗೆ ದೊರೆಯುತ್ತವೆಯೆ ಎಂಬುದನ್ನೂ ಅದರಲ್ಲಿ ಹೇಳಬೇಕು. ಹೀಗಾಗಿ ಸದನದ ಅಥವಾ ಕಾರ್ಯಕಾರಿಣಿಯ ಸಭೆಯನ್ನು ನೋಡಬಯಸುವವನು ಬಾಗಿಲ ಬಳಿ ಜಮಾದಾರನೊಡನೆ ವಾದ ಮಾಡಬೇಕಾದುದಿಲ್ಲ. ಈ ಉಪಬಂಧವನ್ನು ಹೆಸರಿಸಿ ಲಿಖಿತವಾಗಿ ಕೇಳಬೇಕು. ವಾರ್ಡ್ ಸಮಿತಿಯ ವಿಷಯದಲ್ಲಿಯೂ ಇದೇ ಕ್ರಮ. ಸಂವಿಧಾನವು ಅದನ್ನು ಕಡ್ಡಾಯ ಮಾಡಿದ್ದರೂ ದೇಶದ ಅನೇಕ ನಗರಗಳಲ್ಲಿ ಅದು ಕಾಗದದ ಮೇಲೆಯೇ ಉಳಿದಿದೆ. ಆದ್ದರಿಂದ ‘ನಮ್ಮ ವಾರ್ಡನ್ನು ಒಳಗೊಂಡ ಸಮಿತಿಯು ರಚಿತವಾಗಿದೆಯೆ, ಅದರ ಸದಸ್ಯರು ಯಾರು, ಕಳೆದ ವರ್ಷ ಎಷ್ಟು ಬಾರಿ ಸೇರಿತು’ ಎಂಬ ಮೂರು ಪ್ರಶ್ನೆಗಳನ್ನು ಬರೆಯುವುದೇ ಅದರಲ್ಲಿ ಭಾಗವಹಿಸುವ ಮೊದಲ ಹೆಜ್ಜೆ.

ಆಯವ್ಯಯದ ವಿಷಯದಲ್ಲಿ ಕಾಲಜ್ಞಾನವೇ ಮುಖ್ಯ. ಹಣಕಾಸಿನ ವರ್ಷವು ಏಪ್ರಿಲ್ 1ಕ್ಕೆ ಮೊದಲಾಗುವುದರಿಂದ, ಅಂದಾಜುಗಳು ಕಾರ್ಯಕಾರಿಣಿಯ ಮುಂದೆ ಬಂದು ಅಲ್ಲಿಂದ ಸದನಕ್ಕೆ ಹೋಗುವಷ್ಟರಲ್ಲಿ ಚಳಿಗಾಲವು ಕಳೆದಿರುತ್ತದೆ. ಘಾಟಿನ ಹೂಳಿನ ಮಾತನ್ನು ಆಶ್ವಯುಜದಲ್ಲಿ ಆಡಿದರೆ ಅದು ಆ ವರ್ಷಕ್ಕೆ ದೂರಾಗುತ್ತದೆ. ಮಾರ್ಗಶಿರ ಪುಷ್ಯಗಳಲ್ಲಿ ಆಡಿದರೆ ಮುಂದಿನ ವರ್ಷಕ್ಕೆ ಬೇಡಿಕೆಯಾಗುತ್ತದೆ.

ಇನ್ನೊಂದು ತೊಡಕುಂಟು. ಕಾಶಿಯಲ್ಲಿ ನಡೆಯುವುದೆಲ್ಲವೂ ನಿಗಮದ ಅಧೀನವಲ್ಲ. ಮಹಾಯೋಜನೆಯೂ ಕಟ್ಟಡಗಳ ನಕ್ಷೆಯ ಮಂಜೂರಾತಿಯೂ ವಾರಾಣಸಿ ವಿಕಾಸ ಪ್ರಾಧಿಕಾರಕ್ಕೆ ಸೇರಿವೆ. ಮಹಾಯೋಜನೆಯ ಕರಡನ್ನು ಪ್ರಕಟಿಸಿ ಆಕ್ಷೇಪಣೆ ಸಲಹೆಗಳನ್ನು ಕರೆಯಬೇಕೆಂದು 1973ರ ಕಾಯಿದೆಯಲ್ಲಿದೆ. ನೀರು ಮತ್ತು ಒಳಚರಂಡಿಯ ಮಾತಿಗೆ ಜಲಕಲ್ ವಿಭಾಗ. ದಂಡಿನ ಪ್ರದೇಶಕ್ಕೆ ಅದರದೇ ಬೋರ್ಡು. ವಿಶ್ವನಾಥ ದೇವಾಲಯದ ಸುತ್ತಣ ಮುನ್ನೂರಕ್ಕೂ ಮಿಕ್ಕ ಕಟ್ಟಡಗಳನ್ನು ಕೊಂಡು ಕೆಡವಿ, 2021ರ ಡಿಸೆಂಬರ್ 13ರಂದು ಉದ್ಘಾಟಿತವಾದ ವಿಶಾಲ ಪ್ರಾಂಗಣವನ್ನು ಮಾಡಿದಾಗ, ಹಳೆಯ ಕಾಶಿಯ ಮುಖವನ್ನೇ ಬದಲಿಸಿದ ಆ ಕಾರ್ಯಕ್ಕೆಂದು ರಾಜ್ಯ ಸರ್ಕಾರವು 2018ರಲ್ಲಿ ಒಂದು ವಿಶೇಷ ಪ್ರದೇಶ ಅಭಿವೃದ್ಧಿ ಪರಿಷತ್ತನ್ನು ಬೇರೆಯಾಗಿಯೇ ರಚಿಸಿತ್ತು. ಆ ಗಲ್ಲಿಗಳ ಜನರು ಆರಿಸಿದ ಪಾರ್ಷದನ ಕೈಯಲ್ಲಿ ಅದರ ತೀರ್ಮಾನವಿರಲಿಲ್ಲ. ಯಾವ ಕಾರ್ಯವು ಯಾವ ಸಭೆಯದು ಎಂಬುದನ್ನು ಮೊದಲು ವಿಚಾರಿಸದೆ ಅರ್ಜಿ ಹಿಡಿದು ಹೊರಟವನು ತಿಂಗಳುಗಟ್ಟಲೆ ಕಛೇರಿಯಿಂದ ಕಛೇರಿಗೆ ಅಲೆಯುತ್ತಾನೆ.

ಈ ಅಧಿಕಾರಗಳ ಹಂಚಿಕೆಯಲ್ಲಿ ನಿವಾಸಿಗಳ ಪಾತ್ರವು ಎಲ್ಲಿಯವರೆಗೆ ಹೋಗಬಹುದು, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಗಂಗೆಯ ಒಳಚರಂಡಿಯ ಪ್ರಕರಣವು ಚೆನ್ನಾಗಿ ತೋರಿಸುತ್ತದೆ. ಸಂಕಟಮೋಚನ ದೇವಾಲಯದ ಮಹಂತರೂ ಹಿಂದೂ ವಿಶ್ವವಿದ್ಯಾಲಯದಲ್ಲಿ ಜಲಯಂತ್ರಶಾಸ್ತ್ರದ ಪ್ರಾಧ್ಯಾಪಕರೂ ಆಗಿದ್ದ ವೀರಭದ್ರ ಮಿಶ್ರರು (1938–2013) 1982ರಲ್ಲಿ ಗಂಗೆಯ ಶುದ್ಧಿಗಾಗಿ ಆಂದೋಲನವನ್ನು ಆರಂಭಿಸಿದರು. ಕೇಂದ್ರ ಸರ್ಕಾರದ ಗಂಗಾ ಕಾರ್ಯಯೋಜನೆಯು 1986ರಲ್ಲಿ ಇದೇ ವಾರಾಣಸಿಯಲ್ಲಿ ಉದ್ಘಾಟಿತವಾಯಿತು. ಕೊಳಚೆಯನ್ನು ವಿದ್ಯುತ್ ಪಂಪುಗಳಿಂದ ಎತ್ತಿ ಶುದ್ಧೀಕರಣದ ಕಾರ್ಖಾನೆಗೆ ಒಯ್ಯುವ ಏರ್ಪಾಡು ಅದರದು. ವಿದ್ಯುತ್ತು ನಿಂತಾಗ ಪಂಪು ನಿಲ್ಲುವುದು, ಪಂಪು ನಿಂತಾಗ ಕೊಳಚೆಯು ನದಿಗೇ ಇಳಿಯುವುದು. ವಿದ್ಯುತ್ತಿನ ಕಡಿತವು ಸರ್ವೇಸಾಧಾರಣವಾಗಿದ್ದ ಊರಿನಲ್ಲಿ ಇದರ ಫಲವನ್ನು ವಿವರಿಸಬೇಕಾಗಿಲ್ಲ. ಮಿಶ್ರರು ಕ್ಯಾಲಿಫೋರ್ನಿಯದ ವಿಲಿಯಂ ಆಸ್ವಾಲ್ಡರ ನೆರವಿನಿಂದ ಬದಲಿ ಯೋಜನೆಯೊಂದನ್ನು ಸಿದ್ಧಪಡಿಸಿದರು. ಘಾಟುಗಳ ಉದ್ದಕ್ಕೂ ಕೊಳಚೆಯನ್ನು ತಡೆದು, ಭೂಮಿಯ ಇಳಿಜಾರಿನಿಂದಲೇ ಹರಿಸಿ ಒಯ್ದು, ಸೂರ್ಯನ ಬಿಸಿಲೂ ಪಾಚಿಯೂ ಶುದ್ಧಿಗೊಳಿಸುವ ಕೊಳಗಳಲ್ಲಿ ನಿಲ್ಲಿಸುವುದು ಅದರ ಸಾರಾಂಶ.

ಮಿಶ್ರರು ಆ ಯೋಜನೆಯನ್ನು ದಿಲ್ಲಿಗೆ ಬರೆದು ಕಾದು ಕುಳಿತಿರಲಿಲ್ಲ. 74ನೆಯ ತಿದ್ದುಪಡಿಯು ನಗರದ ಒಳಚರಂಡಿಯೇ ಮೊದಲಾದ ವಿಷಯಗಳನ್ನು ನಗರಗಳ ಕೈಗೆ ಕೊಡಬಯಸಿದೆ ಎಂಬುದನ್ನು ಆಧಾರವಾಗಿ ಹಿಡಿದು ಅದನ್ನು ನಗರ ನಿಗಮದ ಮುಂದಿಟ್ಟರು. 1990ರ ದಶಕದ ಉತ್ತರಾರ್ಧದಲ್ಲಿ ನಿಗಮವು ಅದನ್ನು ಅನುಮೋದಿಸಿತು. ಯಾವ ಪದವಿಯೂ ನಿಗಮದಲ್ಲಿಲ್ಲದ ನಿವಾಸಿಗಳ ಒಂದು ಕೂಟವು ಎಂಜಿನಿಯರಿಂಗ್ ಯೋಜನೆಯನ್ನು ರಚಿಸಿ, ಪಾರ್ಷದರಿಗೆ ತಿಳಿಯಹೇಳಿ, ಸದನದ ನಿರ್ಣಯವನ್ನೇ ಪಡೆದುದು ಸಾಮಾನ್ಯವಾದ ಸಂಗತಿಯಲ್ಲ. ಆದರೆ ನಿರ್ಣಯವು ನಿಗಮದ್ದಾದರೂ ಹಣವು ಮೇಲಿನ ಸರ್ಕಾರಗಳದು. ಅವು ಆಗ ಆ ಯೋಜನೆಯನ್ನು ಕೈಗೊಳ್ಳಲಿಲ್ಲ. ನಿಗಮದ ಸಭೆಯನ್ನು ಗೆದ್ದವರು ಅದರಾಚೆಗಿನ ಸಭೆಗಳ ಬಾಗಿಲಿನಲ್ಲಿ ನಿಲ್ಲಬೇಕಾಯಿತು.

ಕನ್ನಡಿಗರು ನೆಲಸಿರುವ ಬೇರೆ ಊರುಗಳಲ್ಲಿ ಕಾನೂನು ಇದಕ್ಕಿಂತ ಉದಾರವಾಗಿರುವುದುಂಟು. ಕಾಸರಗೋಡು ನಗರಸಭೆಯು 1994ರ ಕೇರಳದ ಕಾಯಿದೆಗೆ ಒಳಪಟ್ಟಿದೆ. ಜನಸಂಖ್ಯೆಯು ಒಂದು ಲಕ್ಷವನ್ನು ಮೀರದ ಅಂಥ ನಗರಸಭೆಗಳಲ್ಲಿ ವಾರ್ಡಿನ ಮತದಾರರೆಲ್ಲರೂ ಕೂಡಿದ ವಾರ್ಡ್ ಸಭೆಯೊಂದುಂಟು. ಅಲ್ಲಿ ಮತದಾರನೇ ಸದಸ್ಯ; ಎದ್ದು ನಿಂತು ತನ್ನ ಮಾತನ್ನು ತಾನೇ ಹೇಳಬಹುದು. ಬೆಂಗಳೂರಿನಲ್ಲಿ 2011ರ ತಿದ್ದುಪಡಿಯಿಂದ ವಾರ್ಡಿಗೊಂದು ಸಮಿತಿ ಬಂದಿತು. ಅದರಲ್ಲಿ ಸ್ತ್ರೀಯರಿಗೂ, ಪರಿಶಿಷ್ಟರಿಗೂ, ನಿವಾಸಿಗಳ ಸಂಘಗಳಿಗೂ ಸ್ಥಾನಗಳನ್ನು ಇರಿಸಿತು. ಆದರೆ 2020ರ ಸೆಪ್ಟೆಂಬರಿನಲ್ಲಿ ಚುನಾಯಿತ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ, ಸಮಿತಿಯ ಮಾತನ್ನು ಒಯ್ದು ಮುಟ್ಟಿಸಬೇಕಾದ ಸಭೆಯೇ ಇಲ್ಲದಂತಾಯಿತು. ಕಾಶಿಯಲ್ಲಾದರೋ ಸದನವಿದೆ, ಕೆಳಗಿನ ಮೆಟ್ಟಿಲು ದುರ್ಬಲ. ಎರಡರಲ್ಲಿ ಯಾವುದು ಮೇಲೆಂದು ಹೇಳುವುದು ಕಷ್ಟ.

ಇಷ್ಟೆಲ್ಲಕ್ಕೂ ಮೂಲವಾದುದು ಮತದಾರರ ಪಟ್ಟಿ. ಆಕ್ಷೇಪಣೆಯನ್ನು ಸಲ್ಲಿಸಲು ನಿವಾಸಿಯಾಗಿದ್ದರೆ ಸಾಕು; ಆದರೆ ಪಾರ್ಷದನು ಕಿವಿಗೊಡುವುದು ಮೊದಲು ಮತದಾರನಿಗೆ. ಕಾಶಿಯ ಕನ್ನಡಿಗರು ಬಹುವಾಗಿ ಎಡವುವುದು ಇಲ್ಲಿಯೇ. ವಿಧಾನಸಭೆ ಲೋಕಸಭೆಗಳ ಮತದಾರರ ಪಟ್ಟಿಯನ್ನು ಭಾರತದ ಚುನಾವಣಾ ಆಯೋಗವು ಇಡುತ್ತದೆ; ಉತ್ತರ ಪ್ರದೇಶದಲ್ಲಿ ನಗರ ಸಂಸ್ಥೆಗಳ ಪಟ್ಟಿಯನ್ನು ರಾಜ್ಯದ ಚುನಾವಣಾ ಆಯೋಗವು ಪ್ರತ್ಯೇಕವಾಗಿ ತಯಾರಿಸುತ್ತದೆ. ಒಂದರಲ್ಲಿ ಹೆಸರಿರುವ ಮಾತ್ರದಿಂದ ಇನ್ನೊಂದರಲ್ಲಿಯೂ ಇದೆಯೆಂದು ಭಾವಿಸುವಂತಿಲ್ಲ. ಮತದಾರನ ಚೀಟಿಯನ್ನು ಕೈಯಲ್ಲಿ ಹಿಡಿದು ಹೋದವರೂ ನಿಗಮದ ಚುನಾವಣೆಯ ದಿನ ಹೆಸರಿಲ್ಲದೆ ಹಿಂದಿರುಗಬೇಕಾದೀತು. ಹುಟ್ಟೂರಿನ ಪಟ್ಟಿಯಲ್ಲಿ ಹೆಸರನ್ನು ಇರಿಸಿಕೊಂಡೇ ಹತ್ತಿಪ್ಪತ್ತು ವರ್ಷಗಳನ್ನು ಕಾಶಿಯಲ್ಲಿ ಕಳೆದವರು ಎರಡೂ ಕಡೆಯಲ್ಲಿ ಸಲ್ಲದವರಾಗುತ್ತಾರೆ. ವಾರಾಣಸಿಯ ಮತದಾನವು ಕಳೆದ ಬಾರಿ ನಡೆದುದು 2023ರ ಮೇ 4ರಂದು. ಐದು ವರ್ಷಗಳ ಅವಧಿಯ ಲೆಕ್ಕದಲ್ಲಿ ಮುಂದಿನದು 2028ಕ್ಕೆ ಬರತಕ್ಕದ್ದು. ಅದಕ್ಕೆ ಮುಂಚೆ ಪಟ್ಟಿಯ ಪರಿಷ್ಕರಣವು ನಡೆದು, ಕರಡು ಪಟ್ಟಿಯು ಹೊರಬೀಳುತ್ತದೆ. ಜಂಗಮವಾಡಿಯ ಮಠದಲ್ಲಿ, ಘಾಟಿನ ಮೇಲಣ ಛತ್ರದಲ್ಲಿ, ಲಂಕಾದ ಬಾಡಿಗೆಯ ಕೋಣೆಗಳಲ್ಲಿ ಖಾಯಮ್ಮಾಗಿ ವಾಸವಾಗಿರುವವರು ತಮ್ಮ ಮನೆಯ ಸಂಖ್ಯೆಯೂ ಹೆಸರೂ ಹಿಂದಿಯಲ್ಲಿ ಸರಿಯಾಗಿ ಬಿದ್ದಿವೆಯೆ ಎಂಬುದನ್ನು ಆ ಕರಡಿನಲ್ಲಿ ನೋಡಿಕೊಳ್ಳತಕ್ಕದ್ದು. ದಕ್ಷಿಣದ ಹೆಸರುಗಳನ್ನು ಬರೆಯುವಾಗ ತಂದೆಯ ಹೆಸರು ಮಗನಿಗೂ ಊರಿನ ಹೆಸರು ತಂದೆಗೂ ಅಂಟುವುದು ಅಲ್ಲಿ ಅಪರೂಪವಲ್ಲ.